ಹನ್ನೆರಡು ಸುಳ್ಳು ನೊಣಗಳು

ನನಗೆ ಆಗ ಅರವತ್ತೆರಡು ವರ್ಷ. ಇದು ನಡೆದು ಇಪ್ಪತ್ತೈದು ವರ್ಷ ದಾಟಿತು. ಚಳಿಗಾಲ ಬಂತೆಂದರೆ ಈ ಊರಿನ ಕೆಲವು ಗಂಡಸರು ಗ್ಯಾರೇಜಿನ ಬಾಗಿಲು ಎಳೆದುಕೊಂಡು ನೊಣ ಕಟ್ಟಲು ಕೂರುತ್ತಾರೆ. ನೊಣ ಎಂದರೆ ನಿಜವಾದ ನೊಣವಲ್ಲ. ಕೋಳಿಯ ಪುಕ್ಕ, ಮೊಲದ ರೋಮ, ನವಿಲುಗರಿಯ ಎಳೆ, ಇವನ್ನೆಲ್ಲ ಉಗುರಿಗಿಂತ ಸಣ್ಣದಾದ ಗಾಳದ ಕೊಕ್ಕೆಗೆ ನೂಲಿನಿಂದ ಸುತ್ತಿ ಮಾಡಿದ ಸುಳ್ಳು ನೊಣ. ಬೇಸಿಗೆಯಲ್ಲಿ ಅದನ್ನು ಹೊಳೆಯ ನೀರಿನ ಮೇಲೆ ಎಸೆಯುತ್ತಾರೆ. ಮೀನು ನಂಬಿ ಬಾಯಿ ಹಾಕುತ್ತದೆ. ದಡಕ್ಕೆ ಎಳೆದು ತರುತ್ತಾರೆ, ಫೋಟೋ ತೆಗೆಯುತ್ತಾರೆ, ಮತ್ತೆ ನೀರಿಗೇ ಬಿಡುತ್ತಾರೆ. ತಿನ್ನುವುದಿಲ್ಲ.

ನನ್ನ ಅಳಿಯ ಇದನ್ನು ಮೊದಲ ಸಲ ಹೇಳಿದಾಗ ನಾನು ನಂಬಲಿಲ್ಲ.

"ಬಿಡುವುದಾದರೆ ಹಿಡಿಯುವುದು ಎಂತಕ್ಕೆ?" ಎಂದು ಕೇಳಿದೆ.

"ಅದು ಸ್ಪೋರ್ಟು ಅತ್ತೆ."

"ಮೀನಿಗೂ ಸ್ಪೋರ್ಟಾ?"

ಅವನು ಮೈಸೂರಿನವನು, ಮೀನು ಬೇಯಿಸುವ ವಾಸನೆ ಬಂದರೆ ಕಿಟಕಿ ತೆರೆಯುವವನು. ಅಂಥವನು ಮೀನು ಹಿಡಿಯುವ ಹುಚ್ಚಿಗೆ ಬಿದ್ದ. ಮೀನು ತಿನ್ನುವವಳು ನಾನು, ಅವನು ಹಿಡಿದದ್ದರಲ್ಲಿ ನನಗೆ ಮಾತ್ರ ಒಂದು ಮೀನೂ ಸಿಗಲಿಲ್ಲ.

ನಾನು ಉಡುಪಿ ಸೀಮೆಯವಳು. ಮೂರನೇ ಕ್ಲಾಸಿಗೆ ಶಾಲೆ ಬಿಡಿಸಿ ನನ್ನನ್ನು ಮಲ್ಲಿಗೆ ಕಟ್ಟಲು ಕೂರಿಸಿದರು. ಬೆಳಕು ಹರಿಯುವ ಮೊದಲು ಮೊಗ್ಗು ಕೊಯ್ಯಬೇಕು, ಬಸ್ಸು ಬರುವ ಮೊದಲು ಬಾಳೆನಾರಿನಲ್ಲಿ ಕಟ್ಟಿ ಮುಗಿಸಬೇಕು. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಐವತ್ತು ವರ್ಷ ಅದನ್ನೇ ಮಾಡಿದೆ. ಮಗಳಿಗೆ ಕೂಸು ಹುಟ್ಟಿತೆಂದು ಸ್ಯಾನ್ ಹೊಸೆ ಪಕ್ಕದ ಈ ಕ್ಯಾಂಪ್‌ಬೆಲ್ ಊರಿಗೆ ಬಂದವಳು ಉಳಿದುಬಿಟ್ಟೆ. ಮಗಳು ಓಕ್ಲ್ಯಾಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸು, ಶನಿವಾರವೂ ಡ್ಯೂಟಿ. ಮಗುವನ್ನು ಡೇಕೇರಿಗೆ ಹಾಕುವ ಬದಲು ನಾನು ನೋಡಿಕೊಳ್ಳುತ್ತಿದ್ದೆ. ಅಳಿಯನನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ.

ನವೆಂಬರಿನಲ್ಲಿ ಹೊಳೆ ಮುಚ್ಚುತ್ತದೆ ಎನ್ನುತ್ತಿದ್ದ. ಹೊಳೆ ಎಲ್ಲಿಯಾದರೂ ಮುಚ್ಚುತ್ತದೆಯೆ? ನೀರು ಹರಿಯುತ್ತಲೇ ಇರುತ್ತದೆ, ಮೀನು ಹಿಡಿಯಬಾರದು ಎಂದು ಸರ್ಕಾರ ಹೇಳುತ್ತದೆ, ಅಷ್ಟೆ. ಏಪ್ರಿಲ್ ತಿಂಗಳ ಕೊನೆಯ ಶನಿವಾರ ಮತ್ತೆ ತೆರೆಯುತ್ತದೆ. ಅಲ್ಲಿಯವರೆಗೆ ಈ ಗಂಡಸರು ಹೆರಿಗೆ ಕೋಣೆಯ ಹೊರಗೆ ನಿಂತ ಗಂಡಂದಿರ ಹಾಗೆ ಸುಮ್ಮನೆ ಓಡಾಡುತ್ತಾರೆ. ನನ್ನ ಅಳಿಯ ವಾರಕ್ಕೊಮ್ಮೆ ಗಾಳದ ಕೋಲನ್ನು ಚೀಲದಿಂದ ತೆಗೆದು, ಒರೆಸಿ, ಮತ್ತೆ ಚೀಲಕ್ಕೇ ಹಾಕುತ್ತಿದ್ದ. ದಾರ ಸುತ್ತುವ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದ. ಮನೆಯ ಹಿಂಬಾಗಿಲು ಒಂದು ವರ್ಷದಿಂದ ಕಿರುಗುಟ್ಟುತ್ತಿತ್ತು, ಅದಕ್ಕೆ ಎಣ್ಣೆ ಇಲ್ಲ. ಭಾನುವಾರ ಮನೆಮುಂದಿನ ಹುಲ್ಲಿನ ಮೇಲೆ ನಿಂತು, ದಾರದ ತುದಿಗೆ ಕೆಂಪು ಉಣ್ಣೆಯ ಚೂರು ಕಟ್ಟಿ ಹಿಂದಕ್ಕೂ ಮುಂದಕ್ಕೂ ಬೀಸುತ್ತಿದ್ದ. ನೀರಿಲ್ಲ, ಮೀನಿಲ್ಲ, ಕೊಕ್ಕೆಯೂ ಇಲ್ಲ. ಒಮ್ಮೆ ಪಕ್ಕದ ಮನೆಯ ಬೆಕ್ಕು ಹಾರಿ ಅದನ್ನು ಕಚ್ಚಿ ಹಿಡಿಯಿತು. ಆ ಚಳಿಗಾಲದಲ್ಲಿ ಅವನಿಗೆ ಸಿಕ್ಕಿದ್ದು ಅದೊಂದೇ. ಅದನ್ನೂ ಬಿಟ್ಟ.

ಒಂದು ದಿನ ಮಗುವನ್ನು ಎತ್ತಿಕೊಂಡು ಬಚ್ಚಲಿಗೆ ಹೋದರೆ, ಅಳಿಯ ಎದೆಯವರೆಗಿನ ರಬ್ಬರ್ ಪ್ಯಾಂಟು ತೊಟ್ಟು, ನೀರು ತುಂಬಿದ ತೊಟ್ಟಿಯಲ್ಲಿ ನಿಂತಿದ್ದಾನೆ.

"ತೂತು ಇದೆಯಾ ಅಂತ ಚೆಕ್ ಮಾಡ್ತಿದೀನಿ ಅತ್ತೆ."

"ಮಾರಾಯ, ಮಗುವಿಗೆ ಮೀಯಿಸ್ಲಿಕ್ಕುಂಟು. ಮೇಲೆ ಬಾ."

"ಎರಡೇ ನಿಮಿಷ. ಎಡಗಾಲು ತಣ್ಣಗಾಗ್ತಿದೆ."

"ಹಾಗಾದ್ರೆ ತೂತು ಸಿಕ್ಕಿತಲ್ಲ. ಇಳಿ."

ಫ್ರೀಜರಿನಲ್ಲಿ ಬಂಗುಡೆ ಮೀನು ಹುಡುಕಿದರೆ ಪ್ಲಾಸ್ಟಿಕ್ ಚೀಲದ ಒಳಗಿನಿಂದ ಒಂದು ಮೊಲದ ಮುಖ ನನ್ನನ್ನು ನೋಡಿತು, ಕಿವಿ ಸಮೇತ. ಅದರ ರೋಮದಲ್ಲಿ ಹುಳ ಇದ್ದರೆ ಚಳಿಗೆ ಸಾಯಲಿ ಎಂದು ಇಟ್ಟದ್ದಂತೆ. ಸುಳ್ಳು ಹುಳ ಮಾಡುವುದಕ್ಕಾಗಿ ನಿಜವಾದ ಹುಳ ಕೊಲ್ಲುವುದು. ಮಗಳಿಗೆ ಹೇಳಿದೆ.

"ಇರ್ಲಿ ಬಿಡಮ್ಮ," ಎಂದಳು, "ಕೆಲವರ ಗಂಡಂದಿರು ಕುಡೀತಾರೆ."

"ಕುಡಿದವ ನಿದ್ದೆಯಾದ್ರೂ ಮಾಡ್ತಾನೆ."

ಆಗ ಈ ಊರಲ್ಲಿ ಎಲ್ಲರೂ ಹಾಗೇ ಇದ್ದರು ಎಂಬುದನ್ನೂ ಹೇಳಬೇಕು. ಡಾಟ್‌ಕಾಮ್ ಕಾಲ. ಅಳಿಯನ ಕಂಪನಿ ಇಂಟರ್ನೆಟ್ಟಿನಲ್ಲಿ ಕಿಟಕಿ ಪರದೆ ಮಾರುತ್ತೇವೆ ಎನ್ನುತ್ತಿತ್ತು. ನಾನು ಬಂದು ಎರಡು ವರ್ಷವಾದರೂ ಒಂದು ಪರದೆಯನ್ನೂ ಮಾರಿರಲಿಲ್ಲ. ಆದರೆ ಆಫೀಸಿಗೆ ಪಿಂಗ್‌ಪಾಂಗ್ ಮೇಜು ಬಂದಿತ್ತು, ಎಲ್ಲರಿಗೂ ದೊಡ್ಡ ದೊಡ್ಡ ಹುದ್ದೆ ಸಿಕ್ಕಿತ್ತು, ಮಾರ್ಚಿನಲ್ಲಿ ಲಾಂಚ್ ಎಂದು ಭಾನುವಾರವೂ ಓಡುತ್ತಿದ್ದರು. ನಮ್ಮ ಮನೆಯ ಕಿಟಕಿಗೆ ಆಗ ಪರದೆ ಇರಲಿಲ್ಲ.

ಇಷ್ಟೆಲ್ಲ ನಗೆಯ ನಡುವೆ ಅಳಿಯನಿಗೆ ನಿಜವಾಗಿ ಬೇಕಾದದ್ದು ಒಂದಿತ್ತು. ಅದು ಒಂದು ಕುರ್ಚಿ.

ನೊಣ ಕಟ್ಟುವವರದ್ದು ಹನ್ನೆರಡು ಜನರ ಒಂದು ಕೂಟ. ಚಳಿಗಾಲದ ಶನಿವಾರ ಒಬ್ಬೊಬ್ಬರ ಗ್ಯಾರೇಜಿನಲ್ಲಿ ಸೇರುತ್ತಾರೆ, ಮಡಿಸುವ ಕುರ್ಚಿಗಳನ್ನು ಗಾಡಿಯಲ್ಲಿ ತರುತ್ತಾರೆ. ಹೊಳೆ ತೆರೆದ ದಿನ ಆ ಹನ್ನೆರಡು ಜನ ಒಟ್ಟಿಗೆ ಹೋಗುತ್ತಾರೆ. ಒಬ್ಬನ ಮೊಣಕಾಲು ಕೆಟ್ಟು, ಅವನು ಮಗಳ ಊರಿಗೆ ಹೋದ. ಕುರ್ಚಿ ಒಂದು ಖಾಲಿಯಾಯಿತು. ಅಳಿಯನನ್ನು ಅವರು ಎರಡು ಸಲ ನೆಂಟನ ಹಾಗೆ ಕರೆದುಕೊಂಡು ಹೋಗಿದ್ದರು. ಇವನು ಈ ದೇಶಕ್ಕೆ ಬಂದು ಹದಿನೈದು ವರ್ಷವಾಗಿತ್ತು. ಆಫೀಸಿನ ಕೆಲಸವಿಲ್ಲದೆ ಇವನನ್ನು "ಬಾ" ಎಂದು ಕರೆದವರು ಅವರೇ ಮೊದಲು. ಅದನ್ನು ಅವನು ಹೇಳಲಿಲ್ಲ, ನಾನು ನೋಡಿ ತಿಳಿದದ್ದು. ಅವರ ಫೋನು ಬಂದರೆ ಎದ್ದು ನಿಂತು ಮಾತಾಡುತ್ತಿದ್ದ.

ಕುರ್ಚಿ ಸಿಗಬೇಕಾದರೆ ನಿಯಮ ಒಂದೇ. ಒಂದೇ ಬಗೆಯ ಹನ್ನೆರಡು ನೊಣ ಸ್ವಂತ ಕೈಯಲ್ಲಿ ಕಟ್ಟಿ ತರಬೇಕು. ಚಳಿಗಾಲದ ಕೊನೆಯ ಕೂಟದಲ್ಲಿ ಎಲ್ಲರೂ ಹನ್ನೆರಡು ಹನ್ನೆರಡು ತಂದು ಹಂಚಿಕೊಳ್ಳುತ್ತಾರೆ, ಒಬ್ಬೊಬ್ಬನೂ ಹನ್ನೆರಡು ಬಗೆ ಹಿಡಿದುಕೊಂಡು ಮನೆಗೆ ಹೋಗುತ್ತಾನೆ. ಇನ್ನೊಬ್ಬ ಕಟ್ಟಿದ್ದನ್ನು ನೀರಿಗೆ ಹಾಕುವಾಗ ಅವನ ಕೈಯನ್ನೇ ನಂಬಿದ ಹಾಗೆ, ಅದು ಅವರ ಲೆಕ್ಕ.

ಅಳಿಯ ಡಿಸೆಂಬರಿನಲ್ಲಿ ಅಡುಗೆಮನೆಯ ಮೇಜಿಗೆ ಒಂದು ಪುಟ್ಟ ಇಕ್ಕಳ ತಿರುಪು ಹಾಕಿ ನಿಲ್ಲಿಸಿ, ಅದಕ್ಕೆ ಕೊಕ್ಕೆ ಕಚ್ಚಿಸಿ ಕಟ್ಟಲು ಕೂತ. ಕೀಬೋರ್ಡಿನ ಮೇಲೆ ಕುಣಿಯುವ ಬೆರಳು ನೂಲು ಹಿಡಿದರೆ ಮರಗಟ್ಟುತ್ತಿತ್ತು. ಮೊದಲನೆಯದನ್ನು ತಂದು ತೋರಿಸಿದ.

"ಹೆಂಗಿದೆ ಅತ್ತೆ? ಹೊಳೆ ನೊಣ."

"ಗಾಡಿಯಡಿಗೆ ಬಿದ್ದ ಜಿರಲೆಯ ಹಾಗೆ ಉಂಟು."

"ಮೀನಿಗೆ ಅಷ್ಟೆಲ್ಲ ಗೊತ್ತಾಗಲ್ಲ."

"ಮೀನಿಗೆ ಗೊತ್ತಾಗದಿದ್ರೆ ನೀನ್ಯಾಕೆ ಇಷ್ಟು ವರ್ಷ ಖಾಲಿ ಕೈಯಲ್ಲಿ ಬರ್ತೀ?"

ಕೆಟ್ಟದಾಗಿ ಕಟ್ಟಿದ್ದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಹಿಡಿತ ಸಡಿಲ, ಸುತ್ತು ಒಂದರ ಮೇಲೊಂದು, ಪುಕ್ಕ ಒಂದು ಕಡೆಗೆ ವಾಲಿದೆ. ಅವನು ಕಟ್ಟುವುದನ್ನು ನಾಲ್ಕು ದಿನ ನೋಡಿದೆ. ಐದನೇ ದಿನ ಅವನು ಆಫೀಸಿಗೆ ಹೋದ ಮೇಲೆ, ಮಗು ಮಲಗಿದ್ದಾಗ, ನಾನೇ ಕೂತು ಒಂದು ಕಟ್ಟಿದೆ. ಹೂವಿಗಿಂತ ಸುಲಭ. ಹೂವು ಬಾಡುತ್ತದೆ, ಒತ್ತಿದರೆ ಕಪ್ಪಾಗುತ್ತದೆ. ಇದು ಸತ್ತ ಕೋಳಿಯ ಪುಕ್ಕ, ಇನ್ನು ಕೆಡುವುದಕ್ಕೆ ಏನೂ ಇಲ್ಲ.

ಸಂಜೆ ಅಳಿಯ ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ.

"ಅತ್ತೆ, ಇಂಥದ್ದೇ ಇನ್ನೊಂದು ಕಟ್ತೀರಾ? ಸುಮ್ಮನೆ ಸ್ಯಾಂಪಲ್ಲಿಗೆ."

ಮರುದಿನ ಇನ್ನೆರಡು ಸ್ಯಾಂಪಲ್ ಬೇಕಾಯಿತು. ಲಾಂಚ್ ಹತ್ತಿರ ಬಂದ ಹಾಗೆ ಸ್ಯಾಂಪಲ್ಲೂ ಹೆಚ್ಚಿತು. ಜನವರಿ ಮುಗಿಯುವಾಗ ಹನ್ನೆರಡು ನೊಣ ಡಬ್ಬಿಯಲ್ಲಿ ಸಾಲಾಗಿ ಕೂತಿದ್ದವು, ಹನ್ನೆರಡೂ ನನ್ನವು. ಸ್ವಂತ ಕೈ ಎಂಬ ನಿಯಮ ನನಗೂ ಗೊತ್ತಿತ್ತು. ಗೊತ್ತಿದ್ದೇ ಕಟ್ಟಿದೆ. ನಾನಿರುವ ಮನೆಯಿಂದ ಹೊಲಸು ಕೆಲಸ ಹೊರಗೆ ಹೋಗುವುದು ನನಗೆ ಸಹಿಸಲಾಗಲಿಲ್ಲ.

ಕೊನೆಯ ಕೂಟ ಫೆಬ್ರವರಿ ಕೊನೆಯ ಶನಿವಾರ, ಬೆಳಿಗ್ಗೆ, ನಮ್ಮ ಗ್ಯಾರೇಜಿನಲ್ಲೇ ಇಟ್ಟರು. ಹೊರಗೆ ಮಳೆ. ಹನ್ನೊಂದು ಜನ ಬಂದರು. ಹನ್ನೆರಡನೆಯ ಕುರ್ಚಿಯನ್ನು ಮಡಿಸಿ ಗೋಡೆಗೆ ಒರಗಿಸಿಟ್ಟರು. ನಾನು ಗೋಳಿಬಜೆ ಕರಿದು, ಟೀ ಮಾಡಿ, ತಟ್ಟೆ ಹಿಡಿದು ನಿಂತೆ. ಎಲ್ಲರೂ ಮೀನಿನ ಸುದ್ದಿ ಹೇಳುತ್ತಿದ್ದರು. ಇಂಗ್ಲಿಷ್ ನನಗೆ ಅಷ್ಟಕ್ಕಷ್ಟೆ, ಆದರೆ ಕೈ ಅಗಲಿಸಿ ತೋರಿಸುವುದಕ್ಕೆ ಭಾಷೆ ಬೇಕಿಲ್ಲ. ಮೊದಲು ಒಂದು ಗೇಣಿದ್ದ ಮೀನು ಎರಡನೇ ಟೀ ಬರುವಾಗ ಒಂದು ಮೊಳ ಆಗಿತ್ತು. ಚಳಿಗಾಲದಲ್ಲಿ ಇಲ್ಲಿಯ ಮೀನು ಬೆಳೆಯುವುದು ಗ್ಯಾರೇಜಿನಲ್ಲೇ.

ಅವರಿಗೆಲ್ಲ ಹಿರಿಯ ಎಂಬತ್ತು ದಾಟಿದ ಒಬ್ಬ ಮುದುಕ. ಸ್ಯಾನ್ ಹೊಸೆಯಲ್ಲಿ ಹಿಂದೆ ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆಗಳಿದ್ದವಂತೆ, ಅಲ್ಲಿ ಯಂತ್ರ ರಿಪೇರಿ ಮಾಡಿದವನು. ಮಾತು ಕಡಿಮೆ. ಗುಳಿಯಪ್ಪದ ಕಾವಲಿಯಂಥ ಒಂದು ತಟ್ಟೆಯನ್ನು ಮುಂದಿಟ್ಟುಕೊಂಡು, ಎಲ್ಲರ ನೊಣಗಳನ್ನು ಒಂದೊಂದಾಗಿ ಭೂತಗನ್ನಡಿಯಲ್ಲಿ ನೋಡಿ ಗುಳಿಗೆ ಹಾಕುತ್ತಿದ್ದ. ಅಳಿಯನ ಡಬ್ಬಿ ತೆರೆದ. ಒಂದನ್ನು ಎತ್ತಿ ನೋಡಿದ. ಪಕ್ಕದವನಿಗೆ ಕೊಟ್ಟ. ಅದು ಹನ್ನೊಂದು ಕೈ ದಾಟಿತು. "ಬ್ಯೂಟಿಫುಲ್" ಎಂದ ಮುದುಕ. ಅಳಿಯನ ಮುಖ ನೋಡಬೇಕಿತ್ತು. ಗೋಡೆಗೆ ಒರಗಿದ ಕುರ್ಚಿಯ ಕಡೆಗೆ ಆಗಲೇ ಒಂದು ಹೆಜ್ಜೆ ಇಟ್ಟಿದ್ದ.

ಮುದುಕ ನೊಣವನ್ನು ಮತ್ತೆ ದೀಪದ ಹತ್ತಿರ ಹಿಡಿದು, ಓರೆ ಮಾಡಿ, ಏನೋ ಕೇಳಿದ. ನೀನು ಎಡಗೈಯವನೋ ಎಂದು.

ಅಳಿಯ ಬಲಗೈಯಲ್ಲಿ ಗೋಳಿಬಜೆ ಹಿಡಿದುಕೊಂಡೇ "ನೋ" ಎಂದುಬಿಟ್ಟ.

ಮುದುಕ ಸೂಜಿಯ ಮೊನೆಯಿಂದ ನೊಣದ ತಲೆಯ ಗಂಟು ಬಿಡಿಸಿದ. ನೂಲು ಬಿಚ್ಚಿಕೊಂಡು ಬಂತು. ಸಂಗತಿ ಏನೆಂದರೆ, ಬಲಗೈಯವರೆಲ್ಲ ನೂಲನ್ನು ಕೊಕ್ಕೆಯ ಮೇಲಿನಿಂದ ಆಚೆಗೆ ಸುತ್ತುತ್ತಾರೆ. ನಾನು ಬಾಳೆನಾರನ್ನು ಹೇಗೆ ಎಳೆಯುತ್ತಿದ್ದೆನೋ ಹಾಗೆ, ನನ್ನ ಕಡೆಗೆ ಸುತ್ತಿದ್ದೆ. ಹನ್ನೆರಡೂ ಹಾಗೇ. ಅಳಿಯನ ಕಣ್ಣಿಗೆ ಅದು ಬಿದ್ದಿರಲಿಲ್ಲ, ಅವನು ಪುಕ್ಕ ನೋಡಿದ್ದ.

"ಇಂಡಿಯನ್ ಸ್ಟೈಲ್," ಎಂದ ಅಳಿಯ. ಯಾರೋ ಒಬ್ಬ ನಕ್ಕ. ಮುದುಕ ನಗಲಿಲ್ಲ. ಇಕ್ಕಳ ತೋರಿಸಿ, ಕೂತು ಒಂದು ಕಟ್ಟು ಎಂದ.

ಅಳಿಯ ಕೂತ. ನೂಲು ಒಮ್ಮೆ ತುಂಡಾಯಿತು. ಇನ್ನೊಮ್ಮೆ ತುಂಡಾಯಿತು. ನಾನು ಮುದುಕನ ಮುಂದೆ ಟೀ ಇಟ್ಟೆ. ಅವನು ಲೋಟ ನೋಡಲಿಲ್ಲ, ನನ್ನ ಹೆಬ್ಬೆರಳು ನೋಡಿದ. ಐವತ್ತು ವರ್ಷ ನಾರು ಎಳೆದು ಅಲ್ಲಿ ಒಂದು ಗೀರು ಬಿದ್ದಿದೆ, ಉಗುರಿನ ಪಕ್ಕಕ್ಕೆ, ಚರ್ಮ ಕೊಂಬಿನ ಹಾಗೆ ಗಟ್ಟಿ. ಮುದುಕ ನನ್ನನ್ನೇ ನೋಡಿ ಏನೋ ಕೇಳಿದ. ನನಗೂ ಅವನಿಗೂ ನಡುವೆ ಮಾತು ದಾಟಿಸಬಲ್ಲವನು ಒಬ್ಬನೇ, ಕಳ್ಳ.

ಅಳಿಯ ತಲೆ ಎತ್ತದೆ ಹೇಳಿದ: "ಟೀ ಇನ್ನೂ ಇದೆಯಾ ಅಂತ ಕೇಳ್ತಿದ್ದಾರೆ ಅತ್ತೆ. ಒಳಗೆ ಹೋಗಿ ತನ್ನಿ."

"ಟೀ ಬೇಕಾದವ ನನ್ನ ಹೆಬ್ಬೆರಳು ಎಂತಕ್ಕೆ ನೋಡ್ತಾನೆ?"

"ಅತ್ತೆ, ಪ್ಲೀಸ್. ಒಳಗೆ ಹೋಗಿ."

ಹೋಗಬಹುದಿತ್ತು. ಹೋಗಿದ್ದರೆ ಇವನು ಇನ್ನೊಂದು ಸುಳ್ಳು ಹೇಳುತ್ತಿದ್ದ, ಅವರಲ್ಲಿ ಅರ್ಧ ಜನ ಗೋಳಿಬಜೆಯ ದಾಕ್ಷಿಣ್ಯಕ್ಕೆ ಹೂಂ ಎನ್ನುತ್ತಿದ್ದರೋ ಏನೋ. ಆದರೆ ಮುಂದಿನ ಚಳಿಗಾಲಕ್ಕೆ ಮತ್ತೆ ಹನ್ನೆರಡು ಬೇಕು, ಅದರ ಮುಂದಿನದಕ್ಕೆ ಮತ್ತೆ. ಅಷ್ಟು ವರ್ಷ ನಾನು ಗ್ಯಾರೇಜಿನ ಬಾಗಿಲ ಹಿಂದೆ ಅಡಗಿ ಕೂತು ನೊಣ ಕಟ್ಟುವುದೋ? ಇನ್ನೂ ಒಂದು ಮಾತು ಸೇರಿಸುತ್ತೇನೆ, ಸುಳ್ಳೇಕೆ. ನನ್ನ ಕೆಲಸವನ್ನು ಹನ್ನೊಂದು ಜನ ಕೈಯಲ್ಲಿ ಹಿಡಿದು ಹೊಗಳಿದ್ದರು, ಹೊಗಳಿಕೆ ಬೇರೆಯವನ ಜೇಬಿಗೆ ಹೋಗಿತ್ತು.

"ಏಳು," ಎಂದೆ ಅಳಿಯನಿಗೆ.

ಸೀರೆಯ ಮೇಲೆ ಸ್ವೆಟರು, ಕಾಲಿಗೆ ಅಳಿಯನ ಹಳೆಯ ಕಾಲುಚೀಲ, ಕೈಯಲ್ಲಿ ಎಣ್ಣೆ. ಸೆರಗಿಗೆ ಒರೆಸಿಕೊಂಡು ಕೂತೆ. ಟೀ ಆರುವ ಮೊದಲು ಒಂದು ನೊಣ ಕಟ್ಟಿ ಇಕ್ಕಳದಲ್ಲೇ ಬಿಟ್ಟೆ.

ಒಬ್ಬ ಹುರಿಗಟ್ಟಿದ ಆಸಾಮಿ, ಸ್ವಂತ ಕಂಪನಿ ಇದ್ದವನು, ಎದ್ದು ನಿಂತು ಎರಡೂ ಕೈ ಎತ್ತಿದ. ಬೈಯುತ್ತಾನೆ ಎಂದುಕೊಂಡೆ.

"ಏನಂತೆ ಅವನದ್ದು?"

"ಇದಕ್ಕೊಂದು ವೆಬ್‌ಸೈಟ್ ಮಾಡೋಣ ಅಂತಿದ್ದಾನೆ," ಎಂದ ಅಳಿಯ. ಈಗ ಮಾತ್ರ ಸರಿಯಾಗಿ ದಾಟಿಸುತ್ತಿದ್ದ. "ಅಜ್ಜಿ ಕಟ್ಟಿದ ನೊಣ, ಪ್ರಪಂಚಕ್ಕೆಲ್ಲ. ದಿನಕ್ಕೆ ಎಷ್ಟು ಕಟ್ತೀರಿ ಅಂತ ಕೇಳ್ತಿದ್ದಾನೆ. ನಿಮಗೆ ವೈಸ್ ಪ್ರೆಸಿಡೆಂಟ್ ಪೋಸ್ಟು."

"ಮೊದಲು ಒಂದು ಮೀನು ಹಿಡಿದು ತಿಂದು ತೋರಿಸ್ಲಿಕ್ಕೆ ಹೇಳು."

ಅವರಿಗೆ ಕೇಳಿಸಲೇ ಇಲ್ಲ. ಗೋಳಿಬಜೆ ಖಾಲಿಯಾಗುವುದರೊಳಗೆ ಕಂಪನಿಗೆ ಹೆಸರಿಟ್ಟಾಗಿತ್ತು, ಸ್ಯಾನ್ ಹೊಸೆಯಲ್ಲಿ ಆಫೀಸು ನೋಡಿಯಾಗಿತ್ತು, ನನ್ನಂಥ ಇನ್ನೂರು ಅಜ್ಜಿಯರನ್ನು ಎಲ್ಲಿಂದ ತರಿಸುವುದು ಎಂದು ಜಗಳವೂ ಶುರುವಾಗಿತ್ತು. ಅಳಿಯನಿಗೆ ಜೀವ ಬಂದಿತ್ತು. ಕದ್ದ ಮಾಲಿಗೆ ಅಂಗಡಿ ತೆರೆದರೆ ಕಳ್ಳತನ ಮರೆತುಹೋಗುತ್ತದೆ ಎಂದು ನಂಬಿದ್ದನೋ ಏನೋ.

ಮುದುಕ ಲೋಟದಿಂದ ಮೇಜನ್ನು ಕುಟ್ಟಿದ. ಎಲ್ಲರೂ ಕೂತರು. ಅವನು ಹನ್ನೊಂದು ನೊಣ ಮತ್ತು ಬಿಚ್ಚಿದ ಆ ಒಂದು ಕೊಕ್ಕೆಯನ್ನು ಡಬ್ಬಿಗೆ ತುಂಬಿ, ಮುಚ್ಚಿ, ಅಳಿಯನ ಕೈಗೆ ಕೊಡದೆ ನನ್ನ ಕೈಗೆ ಕೊಟ್ಟ. ಹಂಚುವ ತಟ್ಟೆಯಲ್ಲಿ ಇವಕ್ಕೆ ಜಾಗ ಇಲ್ಲ ಎಂದ. ಆಮೇಲೆ ಗೋಡೆಯ ಹತ್ತಿರ ಹೋಗಿ, ಮಡಿಸಿದ ಕುರ್ಚಿಯನ್ನು ಬಿಡಿಸಿ, ನನಗೆ ತೋರಿಸಿದ.

ಕಟ್ಟಿದವರದ್ದು ಕುರ್ಚಿ. ನಿಯಮ ಹಾಗೇ ಇತ್ತಲ್ಲ.

ಅಳಿಯ ನನ್ನನ್ನು ನೋಡಲಿಲ್ಲ. ನೆಲದ ಮೇಲೆ ಬಿದ್ದ ಪುಕ್ಕಗಳನ್ನು ಒಂದೊಂದಾಗಿ ಹೆಕ್ಕುತ್ತಿದ್ದ.

"ನಾನು ಹೇಳಿದ ಹಾಗೇ ಹೇಳಬೇಕು," ಎಂದೆ ಅವನಿಗೆ. "ಒಂದು ಮಾತೂ ತಪ್ಪಬಾರದು. ನಾನು ಹೊಳೆಗೆ ಬರುವವಳಲ್ಲ. ಬಂದರೆ ಹಿಡಿದದ್ದನ್ನು ಬಿಡುವವಳೂ ಅಲ್ಲ. ನಿಮ್ಮ ನಡುವೆ ಕೂತು ಇಲ್ಲದ ಮೀನನ್ನು ಮೊಳ ಹಾಕ್ಲಿಕ್ಕೆ ನನಗೆ ಪುರುಸೊತ್ತಿಲ್ಲ. ಕುರ್ಚಿ ಇವನಿಗೆ ಬೇಕು. ಇವನು ಕಟ್ಟುವಷ್ಟು ದಿನ ಅದನ್ನು ಯಾರಿಗೂ ಕೊಡಬೇಡಿ."

ಅಳಿಯ ಕಿವಿ ಕೆಂಪಗೆ ಮಾಡಿಕೊಂಡು ಅಷ್ಟನ್ನೂ ಹೇಳಿದ. ಮೊಳದ ಮಾತು ಬಂದಾಗ ಮುದುಕ ಮೊದಲ ಸಲ ನಕ್ಕ. ಕುರ್ಚಿಯನ್ನು ಮತ್ತೆ ಮಡಿಸಿದ. ಹೊಳೆ ತೆರೆಯುವ ದಿನದವರೆಗೆ ಇದು ಹೀಗೇ ಇರುತ್ತದೆ, ಅಷ್ಟರೊಳಗೆ ಹನ್ನೆರಡು ತರಲಿ, ಚೆಂದ ಇರಬೇಕೆಂದಿಲ್ಲ, ಅವನದೇ ಆಗಿರಬೇಕು ಎಂದ. ಹೋಗುವಾಗ ಇಕ್ಕಳದಲ್ಲಿದ್ದ ನೊಣವನ್ನು ತೋರಿಸಿ ಇಟ್ಟುಕೊಳ್ಳಲೇ ಎಂದು ಸನ್ನೆಯಲ್ಲಿ ಕೇಳಿದ. ತಕೋ ಎಂದೆ. ಇಟ್ಟುಕೊಂಡು ನಾನೇನು ಸಾರು ಮಾಡುವುದಿತ್ತೆ?

ಎಲ್ಲರೂ ಹೋದ ಮೇಲೆ ಅಳಿಯ ತಟ್ಟೆ ತೊಳೆಯುತ್ತಾ ಹೇಳಿದ: "ನೀವು ಒಳಗೆ ಹೋಗಬಹುದಿತ್ತು."

"ಹೋಗಬಹುದಿತ್ತು."

"ಹನ್ನೊಂದು ಜನರ ಮುಂದೆ ಮರ್ಯಾದೆ ಹೋಯ್ತು ಅತ್ತೆ."

"ನೂಲು ತುಂಡು ಮಾಡ್ತಾ ಕೂತಿದ್ದಾಗ ಬಹಳ ಇತ್ತಾ?"

"ಇನ್ನು ನನ್ ಕೈಲಿ ಆಗಲ್ಲ ಬಿಡಿ. ಲಾಂಚ್ ಬೇರೆ ಇದೆ."

ಸಂಜೆ ಮಗಳು ಡ್ಯೂಟಿ ಮುಗಿಸಿ ಬಂದು, ಕೇಳಿ, ಶೂ ಬಿಚ್ಚದೆ ಸೋಫಾದಲ್ಲಿ ಬಿದ್ದು ನಕ್ಕಳು. ನಕ್ಕು ಮುಗಿದ ಮೇಲೆ ಹೇಳಿದಳು: "ತಪ್ಪು ನಿಂದೂ ಉಂಟಮ್ಮ. ನೀನು ಕಟ್ಟಿ ಕೊಟ್ಟೆ, ಅವರು ಕಲೀಲಿಲ್ಲ."

ಅದು ನಿಜ. ಅವನ ಬೆರಳು ಕಲಿಯಬೇಕಾದ ಎರಡು ತಿಂಗಳನ್ನು ನಾನು ತಿಂದಿದ್ದೆ. ಆಯ್ತು ಎಂದೆ.

ಮರುದಿನ ಭಾನುವಾರ, ಆದರೂ ಬೆಳಿಗ್ಗೆ ಆರಕ್ಕೆ ಅಳಿಯ ಆಫೀಸಿಗೆಂದು ಶರ್ಟು ಹಾಕಿಕೊಂಡು ಅಡುಗೆಮನೆಗೆ ಬಂದ. ಅವನ ಗಾಡಿಯ ಕೀಲಿ ನನ್ನ ಸೊಂಟದಲ್ಲಿತ್ತು. ಮೇಜಿಗೆ ಇಕ್ಕಳ ತಿರುಪಿ ನಿಲ್ಲಿಸಿದ್ದೆ. ಅವನನ್ನು ಕೂರಿಸಿ ನಾನು ಎದುರುಗಡೆ ಕೂತೆ. ಎದುರು ಕೂತರೆ ಅವನು ಆಚೆಗೆ ಸುತ್ತುವ ನೂಲು ನನ್ನ ಕಡೆಗೇ ಬರುತ್ತದೆ, ಕಲಿಸಲು ಸುಲಭ. ಒಂದೂವರೆ ಗಂಟೆ ಬೈದೆ. ಏಳೂವರೆಗೆ ಒಂದು ಮುಗಿಯಿತು. ನೋಡಿದೆ, ಕತ್ತರಿಯಿಂದ ಅಷ್ಟನ್ನೂ ಕತ್ತರಿಸಿ ತೆಗೆದೆ, ಬರಿಯ ಕೊಕ್ಕೆಯನ್ನು ಮತ್ತೆ ಇಕ್ಕಳಕ್ಕೆ ಕಚ್ಚಿಸಿ, ಮಗುವಿಗೆ ಗಂಜಿ ಇಡಲು ಎದ್ದೆ.